ಕೆರೆಯ ಗೋಡು, ಅಳಲೆಕಾಯಿ, ಮಾಲಿಯ ಬಟ್ಟೆ: ಆಫ್ರಿಕಾದ ಪಾಠದಲ್ಲಿ ಸಂಶೋಧನೆಗೆ ಕಲೆ ಜೊತೆಯಾಗುವ ಬಗೆ

ಸಮಾಜ ವಿಜ್ಞಾನದಲ್ಲಿ ಆಫ್ರಿಕಾ ಖಂಡದ ಪಾಠ ಬಂದ ವಾರ ಊರಿನ ಸ್ಟೇಷನರಿ ಅಂಗಡಿಯಲ್ಲಿ ಎರಡು ಸಾಮಾನು ಬೇಗ ಖಾಲಿಯಾಗುತ್ತವೆ: ಖಂಡದ ನಕ್ಷೆಯ ಚಾರ್ಟು ಮತ್ತು ಪೇಪರ್ ಪ್ಲೇಟು. ಪ್ಲೇಟಿಗೆ ಎರಡು ಕಣ್ಣು ಕೊರೆದು, ಕೆಂಪು-ಕಪ್ಪು ಗೆರೆ ಎಳೆದು, ಸುತ್ತ ಸೆಣಬಿನ ನಾರು ಅಂಟಿಸಿದರೆ 'ಆಫ್ರಿಕಾದ ಮುಖವಾಡ' ಸಿದ್ಧ. ಪ್ರಾಜೆಕ್ಟ್ ಫೈಲಿನಲ್ಲಿ ಇಂಟರ್ನೆಟ್ಟಿನಿಂದ ಇಳಿಸಿದ ನಾಲ್ಕು ಪುಟ ಇರುತ್ತದೆ. ಆ ಪುಟಗಳಿಗೂ ಈ ಮುಖವಾಡಕ್ಕೂ ಸಂಬಂಧವೇ ಇರುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 'ಕಲಾ ಸಂಯೋಜಿತ ಕಲಿಕೆ'ಗೆ ಒತ್ತು ಕೊಟ್ಟಿತು. ಸಿಬಿಎಸ್‌ಇ 2020-21ರಿಂದ ಒಂದರಿಂದ ಹತ್ತನೇ ತರಗತಿವರೆಗೆ ಕಲಾ ಸಂಯೋಜಿತ ಪ್ರಾಜೆಕ್ಟನ್ನು ಕಡ್ಡಾಯ ಮಾಡಿತು. ಹಾಗಾಗಿ ಈ ಮಾತು ಈಗ ಶಿಕ್ಷಕರಿಗಷ್ಟೇ ಸೇರಿದ್ದಲ್ಲ. ರಾತ್ರಿ ಒಂಬತ್ತಕ್ಕೆ ಫೆವಿಕಾಲ್ ಹುಡುಕುವ ಅಪ್ಪ-ಅಮ್ಮಂದಿರಿಗೂ ಅದು ಏನೆಂದು ತಿಳಿಯಬೇಕಾಗಿದೆ.

ಪೇಪರ್ ಪ್ಲೇಟಿನ ಮುಖವಾಡದಲ್ಲಿ ತಪ್ಪೇನು?

ದೂರದ ದೇಶದ ಶಾಲೆಯೊಂದರಲ್ಲಿ ಮಕ್ಕಳು ಪಂಜುರ್ಲಿ ಭೂತದ ಮೊಗವನ್ನು ರಟ್ಟಿನಲ್ಲಿ ಕತ್ತರಿಸಿ, 'ಏಷ್ಯಾದ ಮುಖವಾಡ' ಎಂದು ಹೆಸರು ಬರೆದು ಗೋಡೆಗೆ ತೂಗಿಹಾಕಿದ್ದಾರೆ ಎಂದುಕೊಳ್ಳಿ. ತುಳುನಾಡಿನ ಯಾರಾದರೂ ನೋಡಿದರೆ ಮೊದಲು ನಗು ಬರುತ್ತದೆ, ಆಮೇಲೆ ಕಸಿವಿಸಿ. ಆ ಮೊಗವನ್ನು ಯಾರು ಮುಟ್ಟಬಹುದು, ಯಾವ ದಿನ ಹೊರಗೆ ತೆಗೆಯುತ್ತಾರೆ, ಅದರ ಜೊತೆಗಿರುವ ಪಾಡ್ದನ (ದೈವದ ಕಥೆಯ ಹಾಡು) ಯಾವುದು, ವಾದ್ಯ ಯಾವುದು ಎಂಬುದೆಲ್ಲ ಬಿಟ್ಟುಹೋಗಿ ಒಂದು ಆಕಾರ ಮಾತ್ರ ಉಳಿದಿದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಲವು ಸಮುದಾಯಗಳ ಮುಖವಾಡಗಳ ಕಥೆಯೂ ಇದೇ. ಉಡುಪು, ಕುಣಿತ, ಹಾಡು, ಧರಿಸುವವನ ಅರ್ಹತೆ ಎಲ್ಲ ಕೂಡಿದಾಗಲಷ್ಟೇ ಅದು ಪೂರ್ಣವಾಗುತ್ತದೆ. ಖಂಡದ ಬಹಳಷ್ಟು ಜನರಿಗೆ ಮುಖವಾಡದ ಸಂಪ್ರದಾಯವೇ ಇಲ್ಲ.

ಅಳತೆಯನ್ನೂ ನೋಡಿ. ಆಫ್ರಿಕಾದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್. ಭಾರತದಂಥ ಒಂಬತ್ತು ದೇಶಗಳು ಅದರೊಳಗೆ ಹಿಡಿಸುತ್ತವೆ. ವಿಶ್ವಸಂಸ್ಥೆಯ ಸದಸ್ಯತ್ವ ಪಡೆದ ದೇಶಗಳೇ ಅಲ್ಲಿ 54. ಭಾಷೆಗಳ ಲೆಕ್ಕ ಎರಡು ಸಾವಿರದ ಆಸುಪಾಸು. ಅಷ್ಟನ್ನೆಲ್ಲ ಹತ್ತು ಪೀರಿಯಡ್ಡಿನಲ್ಲಿ ಕಲಿಸಲು ಹೊರಟರೆ ಮಕ್ಕಳ ಕೈಯಲ್ಲಿ ಉಳಿಯುವುದು ಸಿಂಹ, ಮರುಭೂಮಿ ಮತ್ತು ಪೇಪರ್ ಪ್ಲೇಟು. ಅದಕ್ಕಾಗಿ ಈ ಬಗೆಯ ಪಾಠಕ್ಕೆ ಮೊದಲ ಕಟ್ಟಳೆ: ಒಂದು ದೇಶ, ಒಂದು ಜನ, ಒಂದು ವಸ್ತು.

ಸಂಶೋಧನೆ, ಕಲೆ: ಇಲ್ಲಿ ಆ ಪದಗಳ ಅರ್ಥ

ತರಗತಿಯ ಮಟ್ಟಿಗೆ ಸಂಶೋಧನೆ ಎಂದರೆ ಮಾಹಿತಿ ಗುಡ್ಡೆ ಹಾಕುವುದಲ್ಲ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿದು, ಆಧಾರ ಹುಡುಕಿ, ಆಧಾರ ಎಷ್ಟು ಗಟ್ಟಿ ಎಂದು ತೂಗಿ ನೋಡುವುದು. 'ಮಾಲಿಯ ರಾಜಧಾನಿ ಯಾವುದು?' ಎಂಬುದಕ್ಕೆ ಸಂಶೋಧನೆ ಬೇಕಿಲ್ಲ, ಅಟ್ಲಾಸ್ ಸಾಕು. 'ಮಾಲಿಯ ಹೆಂಗಸರು ಬಟ್ಟೆಗೆ ಹಚ್ಚುವ ಕೆಸರನ್ನು ತಿಂಗಳುಗಟ್ಟಲೆ ಮಡಕೆಯಲ್ಲಿ ಕೊಳೆಹಾಕುವುದೇಕೆ?' ಎಂಬುದಕ್ಕೆ ಬೇಕು.

ಕಲೆ ಎಂದರೆ ಕೊನೆಯಲ್ಲಿ ಅಂಟಿಸುವ ಅಲಂಕಾರವಲ್ಲ. ಕೈಯಿಂದ ಮಾಡುತ್ತ ಹೋದಾಗ ಹುಟ್ಟುವ ಪ್ರಶ್ನೆಗಳೇ ಅದರ ಉಪಯೋಗ. ಹೋಳಿಗೆಯ ಹೂರಣ ಮಾಡುವ ಕ್ರಮದಲ್ಲಿ 'ಹದ ಬರುವವರೆಗೆ ಕಾಯಿಸಿ' ಎಂದು ಬರೆದಿರುತ್ತದೆ. ಓದುವವರಿಗೆ ಆ ಸಾಲು ತೊಡಕಾಗುವುದಿಲ್ಲ. ಒಲೆಯ ಮುಂದೆ ಸೌಟು ಹಿಡಿದು ನಿಂತವರಿಗೆ ಮಾತ್ರ 'ಹದ ಅಂದರೆ ಯಾವುದು?' ಎಂಬ ಪ್ರಶ್ನೆ ಬರುತ್ತದೆ, ಮತ್ತೆ ಪುಸ್ತಕಕ್ಕೋ ಅಜ್ಜಿಯ ಹತ್ತಿರಕ್ಕೋ ಓಡುತ್ತಾರೆ. ಸಂಶೋಧನೆಗೆ ಕಲೆ ಜೊತೆಯಾಗುವುದು ಹೀಗೆ. ಓದಿದ್ದನ್ನು ಕೈ ಪರೀಕ್ಷೆ ಮಾಡುತ್ತದೆ, ಕೈ ಸೋತಲ್ಲಿ ಮತ್ತೆ ಓದಬೇಕಾಗುತ್ತದೆ. ಒಮ್ಮೆ ಓದಿ ಮುಗಿಸಿ ಆಮೇಲೆ ಚಿತ್ರ ಬಿಡಿಸುವ ಕ್ರಮದಲ್ಲಿ ಈ ಹಿಂದೆ-ಮುಂದೆ ಓಡಾಟ ಇಲ್ಲ. ಹಾಗಾಗಿ ಅದು ಎರಡು ಬೇರೆ ಬೇರೆ ಕೆಲಸವಾಗಿಯೇ ಉಳಿಯುತ್ತದೆ.

ನಮ್ಮ ಉದಾಹರಣೆ: ಬೊಗೊಲಾನ್‌ಫಿನಿ

ಪಶ್ಚಿಮ ಆಫ್ರಿಕಾದ ಮಾಲಿ 1960ರಲ್ಲಿ ಫ್ರಾನ್ಸಿನಿಂದ ಸ್ವತಂತ್ರವಾದ ದೇಶ. ಕರ್ನಾಟಕದ ಆರರಷ್ಟಕ್ಕೂ ಮಿಕ್ಕಿದ ನೆಲ. ದಕ್ಷಿಣ ಭಾಗದಲ್ಲಿ ನೈಜರ್ ನದಿ ಹರಿಯುತ್ತದೆ, ಅದರ ದಡದಲ್ಲಿ ರಾಜಧಾನಿ ಬಮಾಕೊ. ಬಮಾಕೊದ ಉತ್ತರಕ್ಕಿರುವ ಬೆಲೆದುಗು ಪ್ರದೇಶದ ಬಮಾನಾ ಜನರ ಕೆಸರಿನ ಬಟ್ಟೆಗೆ ಬಮಾನಾ ಭಾಷೆಯಲ್ಲಿ ಬೊಗೊಲಾನ್‌ಫಿನಿ ಎನ್ನುತ್ತಾರೆ, ಚಿಕ್ಕದಾಗಿ ಬೊಗೊಲಾನ್. ಬೊಗೊ ಎಂದರೆ ಕೆಸರು, ಲಾನ್ ಎಂದರೆ ಅದರಿಂದ, ಫಿನಿ ಎಂದರೆ ಬಟ್ಟೆ. 'ಕೆಸರಿನಿಂದಾದ ಬಟ್ಟೆ' ಎಂದು ಕನ್ನಡದಲ್ಲಿ ಪದಕ್ಕೆ ಪದ ಕೂತುಬಿಡುತ್ತದೆ.

ರೂಢಿಯ ಕ್ರಮ ಹೀಗಿದೆ. ಹತ್ತಿಯ ನೂಲನ್ನು ಗಂಡಸರು ಕಿರಿದಾದ ಮಗ್ಗದಲ್ಲಿ ಗೇಣಿಗಿಂತ ಕಡಿಮೆ ಅಗಲದ ಉದ್ದ ಪಟ್ಟಿಗಳಾಗಿ ನೇಯುತ್ತಾರೆ. ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ಬಟ್ಟೆಯಾಗುತ್ತದೆ. ಅದನ್ನು ತೊಳೆದು ಕುಗ್ಗಿಸಿ, ಎನ್ಗಲಾಮಾ ಎಂಬ ಮರದ ಎಲೆಯ ಕಷಾಯದಲ್ಲಿ ನೆನೆಸಿದಾಗ ಹಳದಿ ಬಣ್ಣ ಹಿಡಿಯುತ್ತದೆ. ಈ ಮರ ನಮ್ಮ ಕಾಡಿನ ದಿಂಡಿಗದ ಹತ್ತಿರದ ಬಂಧು. ಬಟ್ಟೆಯನ್ನು ಬಿಸಿಲಿಗೆ ಹರವಿದರೆ ಸೂರ್ಯನ ಕಡೆಗಿನ ಮೈ ಹೆಚ್ಚು ಹಳದಿಯಾಗುತ್ತದೆ, ಚಿತ್ತಾರ ಹಾಕುವುದು ಆ ಮೈಗೆ. ಕೆರೆ-ಹೊಂಡದ ತಳದಿಂದ ತಂದ ಕೆಸರನ್ನು ಮಡಕೆಯಲ್ಲಿ ಕೆಲವೊಮ್ಮೆ ಒಂದು ವರ್ಷದವರೆಗೂ ಕೊಳೆಯಲು ಬಿಡುತ್ತಾರೆ. ಬಿದಿರಿನ ಕಡ್ಡಿ, ಚಪ್ಪಟೆ ಲೋಹದ ಸಲಾಕೆಗಳಿಂದ ಕೆಸರನ್ನು ಬಟ್ಟೆಗೆ ಹಚ್ಚಿ, ಒಣಗಿಸಿ, ತೊಳೆಯುತ್ತಾರೆ. ಕಪ್ಪು ಗಾಢವಾಗಲು ಇದನ್ನೇ ಎರಡು-ಮೂರು ಸಲ ಮಾಡುವುದುಂಟು. ಕೊನೆಗೆ ಕೆಸರು ತಾಗದೆ ಉಳಿದ ಹಳದಿ ಜಾಗಗಳಿಗೆ ಕಾಸ್ಟಿಕ್ ಸೋಡಾ, ಶೇಂಗಾ, ಧಾನ್ಯದ ತೌಡು ಕಲಸಿದ ದ್ರಾವಣ ಹಚ್ಚಿ, ಕೆಲವು ದಿನ ಬಿಸಿಲಲ್ಲಿಟ್ಟು ತೊಳೆದರೆ ಅಲ್ಲಿ ಬಿಳಿ ಮೂಡುತ್ತದೆ.

ಇಲ್ಲೊಂದು ವಿಚಿತ್ರ ಗಮನಿಸಿ. ನಾವು ರಂಗೋಲಿ ಹಾಕುವಾಗ ಗೆರೆಯನ್ನು ಎಳೆಯುತ್ತೇವೆ, ನೆಲ ಹಾಗೇ ಇರುತ್ತದೆ. ಬೊಗೊಲಾನ್‌ನಲ್ಲಿ ಗೆರೆಯನ್ನು ಮುಟ್ಟುವುದೇ ಇಲ್ಲ, ಗೆರೆಯ ಸುತ್ತಲಿನ ನೆಲಕ್ಕೆಲ್ಲ ಕೆಸರು ಬಳಿಯುತ್ತಾರೆ. ಬಿಟ್ಟ ಜಾಗವೇ ಚಿತ್ತಾರ. ಚಿತ್ರಕಲೆಯ ಪೀರಿಯಡ್ಡಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ.

ಈ ಬಟ್ಟೆ ಬರಿಯ ಅಲಂಕಾರಕ್ಕಲ್ಲ. ಬೇಟೆಗಾರರು ಇದರ ಅಂಗಿ ತೊಟ್ಟರು. ಹೆಂಗಸರು ಪ್ರಾಯಕ್ಕೆ ಬರುವ ಸಂಸ್ಕಾರ, ಬಾಣಂತನದಂಥ ಬದುಕಿನ ಘಟ್ಟಗಳಲ್ಲಿ ಉಟ್ಟರು, ಅದು ಕಾಪಾಡುತ್ತದೆ ಎಂಬ ನಂಬಿಕೆಯಿಂದ. ಚಿತ್ತಾರಗಳು ತಾಯಿಯಿಂದ ಮಗಳಿಗೆ ಬಂದವು. ಬಟ್ಟೆಯ ಕಥೆ ಅಲ್ಲಿಗೇ ನಿಂತಿಲ್ಲ. 1978ರಲ್ಲಿ ಬಮಾಕೊದ ರಾಷ್ಟ್ರೀಯ ಕಲಾ ಸಂಸ್ಥೆಯಲ್ಲಿ ಕಲಿತ ಆರು ಕಲಾವಿದರು 'ಗ್ರೂಪ್ ಬೊಗೊಲಾನ್ ಕಸೊಬಾನೆ' ಎಂಬ ತಂಡ ಕಟ್ಟಿ, ಇದೇ ಕೆಸರು-ಕಷಾಯದಲ್ಲಿ ಚಿತ್ರಕಲೆ ಮಾಡಿದರು. ಕಾತಿ ಊರಿನ ಕ್ರಿಸ್ ಸೇಯ್ದು (1949-1994) ಎಂಬ ವಸ್ತ್ರವಿನ್ಯಾಸಕ ಬೊಗೊಲಾನನ್ನು ಕೋಟು, ಸ್ಕರ್ಟುಗಳಾಗಿ ಹೊಲಿದು ಪ್ಯಾರಿಸ್ಸಿನ ಫ್ಯಾಷನ್ ಲೋಕಕ್ಕೂ ಒಯ್ದ. ಅರ್ಥ ತುಂಬಿದ ಹಳೆಯ ಚಿತ್ತಾರಗಳ ಬಟ್ಟೆಗೆ ಕತ್ತರಿ ಹಾಕಲು ಅವನು ಹಿಂಜರಿಯುತ್ತಿದ್ದ. ಈಗ ಬಮಾಕೊದ ಮಾರುಕಟ್ಟೆಗೆ ಹುಡುಗರು ಕೊರೆದ ಅಚ್ಚು ಇಟ್ಟು ಬೇಗ ಬೇಗ ಬಳಿದ ಬೊಗೊಲಾನೂ ಬರುತ್ತದೆ. ಪಾಠದಲ್ಲಿ ಇವೆಲ್ಲ ಇರಬೇಕು, ಇಲ್ಲದಿದ್ದರೆ ಆಫ್ರಿಕಾ ಎಂದರೆ 'ಹಿಂದಿನ ಕಾಲದಲ್ಲಿ' ಎಂದೇ ಮಕ್ಕಳ ತಲೆಯಲ್ಲಿ ಕೂರುತ್ತದೆ.

ಕೆಸರು ಕಪ್ಪಾಗುವುದೇಕೆ?

ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಈಳಿಗೆ ಕಪ್ಪಾಗುತ್ತದೆ. ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಮಸಿಯಂತಾಗುತ್ತದೆ, ತಲೆಕೂದಲಿಗೆ ಹಚ್ಚುವ ಮನೆಮದ್ದಿನಲ್ಲಿ ಇರುವುದು ಅದೇ. ಒಗರು ರುಚಿಯ ಕಾಯಿ, ಎಲೆ, ತೊಗಟೆಗಳಲ್ಲಿ ಟ್ಯಾನಿನ್ ಎಂಬ ವಸ್ತು ಇರುತ್ತದೆ. ಕಬ್ಬಿಣದ ಅಂಶ ಅದನ್ನು ಸೇರಿದಾಗ ಗಾಢ ಕಪ್ಪು ಹುಟ್ಟುತ್ತದೆ. ಅಳಲೆಕಾಯಿ ಮತ್ತು ಅನ್ನಭೇದಿ ಎಂಬ ಕಬ್ಬಿಣದ ಲವಣದಿಂದ ಮಾಡುತ್ತಿದ್ದ ಹಳೆಯ ಶಾಯಿಯ ಗುಟ್ಟೂ ಇದೇ, ಆಂಧ್ರದ ಕಲಂಕಾರಿಯ ಕಪ್ಪು ಗೆರೆಯ ಗುಟ್ಟೂ ಇದೇ. ಮಾಲಿಯಲ್ಲಿ ಟ್ಯಾನಿನ್ ಬರುವುದು ಎನ್ಗಲಾಮಾ ಎಲೆಯಿಂದ, ಕಬ್ಬಿಣ ಬರುವುದು ಕೆಸರಿನಿಂದ.

ಹಾಗಿದ್ದರೆ ಕೊಳೆಹಾಕುವುದೇಕೆ? ಮಣ್ಣಿನಲ್ಲಿರುವ ಕಬ್ಬಿಣ ಬಹುಪಾಲು ತುಕ್ಕಿನ ರೂಪದಲ್ಲಿರುತ್ತದೆ. ತುಕ್ಕು ನೀರಿನಲ್ಲಿ ಕರಗದು, ಕರಗದ್ದು ನೂಲಿನೊಳಕ್ಕೆ ಇಳಿಯದು. ಗಾಳಿ ಆಡದ ಕೆಸರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಈ ತುಕ್ಕನ್ನು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತವೆ. ಕರಗಿದ ಕಬ್ಬಿಣ ನೂಲಿಗೆ ಇಳಿದು ಟ್ಯಾನಿನ್ ಸೇರಿ, ಆಮೇಲೆ ಗಾಳಿ ತಾಗಿದಾಗ ಕಪ್ಪು ಗಟ್ಟಿಯಾಗುತ್ತದೆ. ಕೊಳೆತ ಕೆಸರಿನ ನಾತವೇ ಅದು ಸಿದ್ಧವಾಗಿದೆ ಎಂಬ ಸೂಚನೆ.

ನಮ್ಮ ಕಡೆಯ ಮಕ್ಕಳು ಸಾಮಾನ್ಯವಾಗಿ ಮಾಡುವ ಊಹೆ, 'ಕೆಮ್ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಅದನ್ನೇ ಹಚ್ಚೋಣ' ಎಂಬುದು. ಊಹೆ ಅರ್ಧ ಸರಿ. ಕಬ್ಬಿಣ ಇದೆ, ಆದರೆ ಬೀಗ ಹಾಕಿದೆ. ಈ ತಪ್ಪನ್ನು ಮೊದಲೇ ತಿದ್ದಬೇಡಿ, ಅದು ಬಟ್ಟೆಯ ಮೇಲೆ ತಾನೇ ಕಾಣಲಿ.

ಹುಡುಕಾಟ: ಮೊದಲ ನಾಲ್ಕು ಪೀರಿಯಡ್

ಮೊದಲ ಪೀರಿಯಡ್ಡಿನಲ್ಲಿ ಏನನ್ನೂ ಹೇಳಬೇಡಿ. ಬೊಗೊಲಾನ್ ಬಟ್ಟೆಯೊಂದರ ದೊಡ್ಡ ಚಿತ್ರ ತೋರಿಸಿ ಹದಿನೈದು ನಿಮಿಷ ನೋಡಲು ಬಿಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಿಂದ, ಅಮೆರಿಕದ ಸ್ಮಿತ್ಸೋನಿಯನ್ 2020ರಿಂದ ಲಕ್ಷಗಟ್ಟಲೆ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಉಚಿತವಾಗಿ ತೆರೆದಿಟ್ಟಿವೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆಯಲಿ: ಕಂಡದ್ದು, ಓದಿದ್ದು, ಊಹಿಸಿದ್ದು. 'ಉದ್ದುದ್ದ ಹೊಲಿಗೆ ಇದೆ' ಎಂಬುದು ಕಂಡದ್ದು. 'ಬಡವರ ಬಟ್ಟೆ ಇರಬೇಕು' ಎಂಬುದು ಊಹಿಸಿದ್ದು. ಈ ಎರಡು ಬೇರೆ ಎಂದು ತಿಳಿಯುವುದರಲ್ಲೇ ಸಂಶೋಧನೆಯ ಅರ್ಧ ಪಾಠ ಮುಗಿಯುತ್ತದೆ.

ಎರಡನೇ ಪೀರಿಯಡ್ಡಿನಲ್ಲಿ ಐದೈದು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದೇ ಒಂದು ಪ್ರಶ್ನೆ ಕೊಡಿ. ಕೆಸರಿನ ಬಗ್ಗೆ ಒಂದು, ಪಟ್ಟಿ ನೇಯ್ಗೆಯ ಬಗ್ಗೆ ಒಂದು, ಬೇಟೆಗಾರರ ಅಂಗಿಯ ಬಗ್ಗೆ ಒಂದು, ಇಂದಿನ ಮಾರುಕಟ್ಟೆಯ ಬಗ್ಗೆ ಒಂದು. 'ಹೌದು-ಅಲ್ಲ' ಎಂದು ಮುಗಿಯುವ ಪ್ರಶ್ನೆ ಬೇಡ, 'ಎಲ್ಲವನ್ನೂ ಬರೆಯಿರಿ' ಎಂಬಂಥದ್ದೂ ಬೇಡ.

ಮುಂದಿನ ಎರಡು ಪೀರಿಯಡ್ ಆಧಾರ ಹುಡುಕಲು. ಪ್ರತಿ ಗುಂಪು ಮೂರು ಬಗೆಯ ಆಧಾರ ತರಬೇಕು: ಒಂದು ವಸ್ತು, ಅಂದರೆ ಸಂಗ್ರಹಾಲಯದ ಚಿತ್ರ ಮತ್ತು ಅದರ ವಿವರಪಟ್ಟಿ, ಒಂದು ಬರಹ, ಒಬ್ಬ ಮಾಲಿಯವರ ಮಾತು ಅಥವಾ ಕೆಲಸದ ವಿಡಿಯೊ. ಮೂರನೆಯದನ್ನು ಬಿಟ್ಟರೆ ಬಟ್ಟೆ ಮಾಡುವವರ ಬಗ್ಗೆ ಬೇರೆಯವರು ಹೇಳಿದ್ದಷ್ಟೇ ಸಿಗುತ್ತದೆ. ಸಂಗ್ರಹಾಲಯದ ವಿವರಪಟ್ಟಿಯಲ್ಲಿ ಜನ, ಊರು, ಕಾಲ, ಸಾಮಗ್ರಿ, ಅಳತೆ ಇರುತ್ತದೆ. ಮಾಡಿದವರ ಹೆಸರಿನ ಜಾಗದಲ್ಲಿ ಎಷ್ಟೋ ಸಲ ಬರಿಯ 'ಬಮಾನಾ' ಎಂದಿರುತ್ತದೆ, ಅಥವಾ ಖಾಲಿ. ಕೊಂಡು ತಂದವರ ಹೆಸರು ಮಾತ್ರ ಪೂರ್ತಿ ಇರುತ್ತದೆ. ಏಕೆ ಹಾಗೆ ಎಂದು ಕೇಳಿದರೆ ತರಗತಿಯಲ್ಲಿ ಒಂದಿಡೀ ಚರ್ಚೆ ನಡೆಯುತ್ತದೆ.

'ಈ ಗುರುತಿಗೆ ಈ ಅರ್ಥ' ಎಂದು ಚಿತ್ತಾರಗಳನ್ನು ಪಟ್ಟಿ ಮಾಡಿದ ಪುಟಗಳು ಇಂಟರ್ನೆಟ್ಟಿನಲ್ಲಿ ಹೇರಳ. ಬಹಳಷ್ಟು ಒಂದರಿಂದೊಂದು ನಕಲು. ಬೊಗೊಲಾನ್‌ನ ಅರ್ಥ ನಿಘಂಟಿನಂತಿಲ್ಲ. ಯಾವ ಚಿತ್ತಾರದ ಪಕ್ಕ ಯಾವುದು ಬಂದಿದೆ, ಯಾರು ಮಾಡಿದ್ದು, ಯಾರಿಗೆ ಮಾಡಿದ್ದು ಎಂಬುದರ ಮೇಲೆ ಅದು ಬದಲಾಗುತ್ತದೆ. ಕೆಲವನ್ನು ಮಾಡಿದವರು ಹೊರಗಿನವರಿಗೆ ಹೇಳುವುದೂ ಇಲ್ಲ. ಆದ್ದರಿಂದ ಒಂದು ಕಟ್ಟುನಿಟ್ಟು ಇರಲಿ: ಒಂದೇ ಮೂಲದಲ್ಲಿ ಸಿಕ್ಕ ಅರ್ಥವನ್ನು 'ಓದಿದ್ದು' ಅಂಕಣದಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು.

ಮಾಡುವ ಕ್ರಮ: 40 ಮಕ್ಕಳ ತರಗತಿಗೆ

ತಿಂಗಳುಗಟ್ಟಲೆ ಕೊಳೆಸಿದ ಕೆಸರಿನ ಬದಲು, ಪಾಠ ಶುರುವಾಗುವ ಮೂರು ವಾರ ಮೊದಲೇ ಕಬ್ಬಿಣದ ನೀರು ಹಾಕಿಡಬೇಕು. ತುಕ್ಕು ಹಿಡಿದ ಮೊಳೆ, ತಗಡಿನ ಚೂರು ಸುಮಾರು 250 ಗ್ರಾಂ, ಬೆಲ್ಲ 250 ಗ್ರಾಂ, ನೀರು ಎರಡೂವರೆ ಲೀಟರ್. ಮಣ್ಣಿನ ಮಡಕೆ ಅಥವಾ ಪ್ಲಾಸ್ಟಿಕ್ ಬಕೆಟ್ ಆದೀತು. ಬಾಯಿಗೆ ಬಟ್ಟೆ ಕಟ್ಟಿ, ಬಿಗಿ ಮುಚ್ಚಳ ಹಾಕಬೇಡಿ: ಹುಳಿ ಬರುವಾಗ ಹುಟ್ಟುವ ಅನಿಲಕ್ಕೆ ದಾರಿ ಬೇಕು. ಎರಡು-ಮೂರು ವಾರದಲ್ಲಿ ನೊರೆ ಇಳಿದು ದ್ರಾವಣ ಕಂದು ತಿರುಗುತ್ತದೆ. ಕಾಯಲು ಸಮಯವಿಲ್ಲದಿದ್ದರೆ ಗೊಬ್ಬರದ ಅಂಗಡಿಯ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, 10 ಗ್ರಾಂ ಅನ್ನು ಅರ್ಧ ಲೀಟರ್ ನೀರಿಗೆ ಕರಗಿಸಿದರೂ ಸಾಕು. ಹೊಟ್ಟೆಗೆ ಹೋದರೆ ಅಪಾಯ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಬಟ್ಟೆಗೆ ಮಂಜರಪಾಟು ಚೆನ್ನ. 90 ಸೆಂಟಿಮೀಟರ್ ಪನ್ನದ ಬಟ್ಟೆ ಮೂರೂವರೆ ಮೀಟರ್ ತಂದರೆ 30×45 ಸೆಂಟಿಮೀಟರಿನ 20 ತುಂಡು ಬಂದು, ಮಾದರಿಗಳಿಗೂ ಸ್ವಲ್ಪ ಉಳಿಯುತ್ತದೆ. ಇಬ್ಬರಿಗೆ ಒಂದು ತುಂಡು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ ಚೆನ್ನಾಗಿ ಜಾಲಿಸಿ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರಿಕೊಂಡರೆ ಗಂಜಿ ಹೋಗಿದೆ, ಮಣಿಯಂತೆ ನಿಂತರೆ ಇನ್ನೊಮ್ಮೆ ಕುದಿಸಬೇಕು.

ಎನ್ಗಲಾಮಾ ಎಲೆಯ ಬದಲು ಗ್ರಂಥಿಗೆ ಅಂಗಡಿಯ ಅಳಲೆಕಾಯಿ ಪುಡಿ. ಬಟ್ಟೆಯ ತೂಕದ ಐದನೇ ಒಂದು ಪಾಲು ಲೆಕ್ಕ, ಅರ್ಧ ಕಿಲೊ ಬಟ್ಟೆಗೆ 100 ಗ್ರಾಂ. ಪುಡಿಯನ್ನು ಹಿಂದಿನ ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ, ಸೋಸಿ, ಐದು ಲೀಟರ್ ನೀರಿಗೆ ಬೆರೆಸಿ. ಬಟ್ಟೆಯನ್ನು ಕನಿಷ್ಠ ಒಂದು ಗಂಟೆ ಮುಳುಗಿಸಿ, ಹಿಂಡಿ, ತೊಳೆಯದೆ ಹರವಿ ಒಣಗಿಸಿ. ತಂತಿಯ ಮೇಲೆ ನೇತುಹಾಕಿದರೆ ದ್ರಾವಣ ಕೆಳಗಿನ ಅಂಚಿಗೆ ಇಳಿದು ಅಲ್ಲಿ ಮಾತ್ರ ಗಾಢವಾಗುತ್ತದೆ.

ಕೆರೆಯ ಗೋಡನ್ನು, ಅಂದರೆ ತಳದ ಹೂಳನ್ನು, ತಂದು ಜರಡಿ ಹಿಡಿದು, ಕಬ್ಬಿಣದ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಚರಂಡಿ ಸೇರುವ ಕೆರೆಯ ಮಣ್ಣು ಬೇಡ, ಕೈಗೆ ಗ್ಲೌಸ್ ಇರಲಿ. ಬರಿಯ ಕಬ್ಬಿಣದ ನೀರಿಗಿಂತ ಮಣ್ಣು ಬೆರೆಸಿದ್ದು ಉತ್ತಮ: ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಬಣ್ಣ ಹಬ್ಬದಂತೆ ತಡೆಯುತ್ತದೆ. ಮಾಲಿಯ ಕೆಸರು ಬಣ್ಣವೂ ಹೌದು, ಬಣ್ಣಕ್ಕೆ ಬೇಲಿಯೂ ಹೌದು.

ದೊಡ್ಡ ತುಂಡಿಗೆ ಕೈ ಹಾಕುವ ಮೊದಲು ಅಂಗೈಯಗಲದ ನಾಲ್ಕು ಮಾದರಿ ಮಾಡಿಸಿ. ಅಳಲೆ ಹಾಕದ ಬಟ್ಟೆಗೆ ಕಬ್ಬಿಣದ ಕೆಸರು. ಅಳಲೆ ಬಟ್ಟೆಗೆ ಕೆಮ್ಮಣ್ಣು. ಅಳಲೆ ಬಟ್ಟೆಗೆ ಬರಿಯ ಗೋಡು. ಅಳಲೆ ಬಟ್ಟೆಗೆ ಕಬ್ಬಿಣದ ಕೆಸರು. ರಾತ್ರಿ ಒಣಗಿಸಿ ಬೆಳಗ್ಗೆ ತೊಳೆದರೆ ಮೊದಲನೆಯದು ತುಕ್ಕಿನ ಬಣ್ಣ, ಎರಡನೆಯದು ಮಾಸಲು ಕೆಂಪು ಕಲೆ, ನಾಲ್ಕನೆಯದು ಕಪ್ಪು. ಮೂರನೆಯದು ಕೆರೆಯಿಂದ ಕೆರೆಗೆ ಬೇರೆ: ಕೊಳೆತ ಕರಿ ಗೋಡಾದರೆ ಬೂದುಗಪ್ಪು ಬರುತ್ತದೆ, ತಾಜಾ ಮಣ್ಣಾದರೆ ಏನೂ ಇಲ್ಲ. ಕೆಸರಿನ ಪ್ರಶ್ನೆ ಹಿಡಿದ ಗುಂಪಿಗೆ ಇದು ಪುಸ್ತಕದಲ್ಲಿ ಸಿಗದ ಆಧಾರ. ನಾಲ್ಕೂ ತುಂಡನ್ನು ನೋಟ್‌ಬುಕ್ಕಿಗೆ ಹೊಲಿದು, ಪಕ್ಕದಲ್ಲಿ ದಿನಾಂಕ, ಅಳತೆ ಬರೆಸಿ.

ಆಮೇಲೆ ದೊಡ್ಡ ತುಂಡು. ಸೀಸದಕಡ್ಡಿಯಲ್ಲಿ ತೆಳುವಾಗಿ ಗುರುತು ಮಾಡಿಕೊಂಡು, ಬಿದಿರು ಕಡ್ಡಿ ಅಥವಾ ಹಳೆಯ ಟೂತ್‌ಬ್ರಷ್ಷಿನ ಹಿಡಿಯಿಂದ ಮೊದಲು ಚಿತ್ತಾರದ ಅಂಚಿಗೆ ಕೆಸರು, ನಂತರ ನಡುವಿನ ಬಯಲಿಗೆ. ಒಣಗಿಸಿ, ಹರಿಯುವ ನೀರಿನಲ್ಲಿ ತೊಳೆದು, ಬೇಕೆನಿಸಿದರೆ ಇನ್ನೊಂದು ಬಾರಿ ಬಳಿಯಬಹುದು. ಬಿಟ್ಟ ಜಾಗ ಹಳದಿಯಾಗಿಯೇ ಇರಲಿ. ಬಿಳಿ ಮಾಡಲು ಕಾಸ್ಟಿಕ್ ಸೋಡಾ ಬೇಕು, ಅದು ಚರ್ಮ ಸುಡುತ್ತದೆ, ಶಾಲೆಗೆ ತರುವ ವಸ್ತುವಲ್ಲ.

ಎಡವುವುದು ಎಲ್ಲೆಲ್ಲಿ

ಬಟ್ಟೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿದರೆ ತೊಳೆದ ನೀರನ್ನು ಅನುಮಾನಿಸಿ. ಬೋರ್‌ವೆಲ್ ನೀರಿನಲ್ಲೂ ಕಬ್ಬಿಣ ಇರುತ್ತದೆ, ಅಳಲೆ ತುಂಬಿದ ಬಟ್ಟೆ ಅದನ್ನೂ ಹಿಡಿದುಕೊಳ್ಳುತ್ತದೆ. ಕಬ್ಬಿಣದ ಬಕೆಟ್, ತುಕ್ಕು ಹಿಡಿದ ಕ್ಲಿಪ್ಪು ತಾಗಿದಲ್ಲೂ ಕರಿ ಚುಕ್ಕೆ ಬೀಳುತ್ತದೆ. ಅಂಚು ಹಬ್ಬಿ ಚಿತ್ತಾರ ಮಸುಕಾದರೆ ಕೆಸರು ನೀರಾಗಿತ್ತು, ಇಲ್ಲವೇ ಬಟ್ಟೆ ಪೂರ್ತಿ ಒಣಗಿರಲಿಲ್ಲ. ಅಲ್ಲಲ್ಲಿ ಬಣ್ಣವೇ ಹಿಡಿಯದಿದ್ದರೆ ಗಂಜಿ ಉಳಿದಿತ್ತು. ಕಪ್ಪು ಹೆಚ್ಚಲಿ ಎಂದು ಅನ್ನಭೇದಿಯನ್ನು ಯದ್ವಾತದ್ವಾ ಸುರಿದರೆ ಕೆಲವು ತಿಂಗಳಲ್ಲಿ ಬಟ್ಟೆ ಹಪ್ಪಳದಂತೆ ಮುರಿಯಬಹುದು. ಮಿತಿಮೀರಿದ ಕಬ್ಬಿಣ ಹತ್ತಿಯ ನೂಲನ್ನು ತಿನ್ನುತ್ತದೆ.

ತಪ್ಪಿ ಬಿದ್ದ ಹನಿಗೆ ಒಂದು ಉಪಾಯ ಇದೆ. ಹತ್ತಿಯ ಕಡ್ಡಿಯಲ್ಲಿ ನಿಂಬೆರಸ ಹಚ್ಚಿದರೆ ಹುಳಿ ಕಬ್ಬಿಣವನ್ನು ಟ್ಯಾನಿನ್‌ನಿಂದ ಬಿಡಿಸುತ್ತದೆ, ಕಪ್ಪು ಮಾಯವಾಗುತ್ತದೆ. ತಕ್ಷಣ ತೊಳೆಯಬೇಕು. ಮಕ್ಕಳಿಗೆ ಈ ರಬ್ಬರ್ ತೋರಿಸಿದ ಮೇಲೆ ಅರ್ಧ ಪೀರಿಯಡ್ ಅದರ ಆಟದಲ್ಲೇ ಕಳೆಯುತ್ತದೆ ಎಂಬುದೂ ಗೊತ್ತಿರಲಿ.

ಚಿತ್ತಾರ ಯಾರದು?

ಬೆಲೆದುಗುವಿನ ಚಿತ್ತಾರಗಳನ್ನು ಹಾಗೇ ನಕಲು ಮಾಡಿಸುವುದು ಸುಲಭ. ಆದರೆ ಬಾಣಂತಿಯ ರಕ್ಷಣೆಗೆಂದು ಹಾಕುವ ಗುರುತು ನಮ್ಮ ಶಾಲೆಯ ಗೋಡೆಯ ಮೇಲೆ ಏನು ಹೇಳೀತು? ನೋಟ್‌ಬುಕ್ಕಿನಲ್ಲಿ ಅಭ್ಯಾಸಕ್ಕೆ ನಕಲು ಮಾಡಲಿ, ಬಟ್ಟೆಯ ಮೇಲೆ ಬೇಡ. ಬಟ್ಟೆಗೆ ಮಕ್ಕಳು ತಮ್ಮದೇ ಊರಿನ ಒಂದು ಸಂಗತಿಯನ್ನು ಗೆರೆ, ಚುಕ್ಕೆ, ಮುಕ್ಕೋನಗಳಿಗೆ ಇಳಿಸಲಿ: ಕೆರೆಯ ಏರಿ, ಬಸ್ಸಿನ ದಾರಿ, ಅಡಿಕೆ ತೋಟದ ಸಾಲು. ಬಿಟ್ಟ ಜಾಗವೇ ಚಿತ್ತಾರವಾಗಬೇಕು ಎಂಬ ನಿಯಮ ಮಾತ್ರ ಬಮಾನಾ ಹೆಂಗಸರದು. ಪಕ್ಕದ ಚೀಟಿಯಲ್ಲಿ 'ಬೊಗೊಲಾನ್' ಎಂದು ಬರೆಯದೆ 'ಮಾಲಿಯ ಬೊಗೊಲಾನ್ ವಿಧಾನದಿಂದ ಕಲಿತು ಮಾಡಿದ್ದು' ಎಂದು ಬರೆಯಬೇಕು.

ಸಿದ್ದಿಯರ ಕೌದಿಯನ್ನು ಸೇರಿಸಬಹುದೇ?

ಆಫ್ರಿಕಾ ಎಂದೊಡನೆ ಕರ್ನಾಟಕದಲ್ಲಿ ನೆನಪಾಗುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಯ ಸಿದ್ದಿಯರು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವಂತೆ ಅವರ ಹೆಂಗಸರು ಕೌದಿ ಹೊಲಿಯುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಫೂಲ' ಇಡದೆ ಕೌದಿ ಪೂರ್ತಿಯಾಗದು. ಪಾಠಕ್ಕೆ ಇದು ಒಳ್ಳೆಯ ಜೊತೆ. ಆದರೆ ಸಿದ್ದಿಯರ ಪೂರ್ವಜರು ಬಹುಮಟ್ಟಿಗೆ ಆಫ್ರಿಕಾದ ಪೂರ್ವ ಭಾಗದಿಂದ ಬಂದವರು, ಹಲವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದರು. ಮಾಲಿ ಇರುವುದು ಖಂಡದ ಇನ್ನೊಂದು ತುದಿಯಲ್ಲಿ. ಕೌದಿ ಹೊಲಿಯುವ ರೂಢಿ ಉತ್ತರ ಕರ್ನಾಟಕದ ಬೇರೆ ಮನೆಗಳಲ್ಲೂ ಇದೆ. ಆದ್ದರಿಂದ 'ಸಿದ್ದಿಯರ ಕೌದಿಗೆ ಮಾಲಿಯೇ ಮೂಲ' ಎಂದು ಗೆರೆ ಎಳೆಯುವಂತಿಲ್ಲ. 'ಯಾವುದು ತಂದದ್ದು, ಯಾವುದು ಇಲ್ಲಿ ಕಲಿತದ್ದು, ಹೇಗೆ ತಿಳಿಯುವುದು?' ಎಂಬ ಪ್ರಶ್ನೆಯಾಗಿ ಕೊಟ್ಟರೆ ಮಾತ್ರ ಅದು ಸಂಶೋಧನೆ.

ಕೆಸರು ಬೇಡವೆಂದರೆ

ಘಾನಾದ ಅಸಾಂತೆ ಜನರ ಅದಿಂಕ್ರಾ ಆಗಬಹುದು. ಕುಮಾಸಿ ನಗರದ ಹತ್ತಿರದ ಎನ್ಟೊನ್ಸೊ ಊರಿನಲ್ಲಿ ಒಣಗಿದ ಸೋರೆ ಬುರುಡೆಯ ಚೂರಿನಲ್ಲಿ ಅಚ್ಚು ಕೊರೆದು, ತೊಗಟೆ ಕುದಿಸಿದ ಮಸಿಯಲ್ಲಿ ಅದ್ದಿ ಬಟ್ಟೆಗೆ ಒತ್ತುತ್ತಾರೆ. ಇಲ್ಲಿ ಚಿಹ್ನೆಗಳಿಗೆ ಹೆಸರೂ ಗಾದೆಯೂ ಉಂಟು: ಹಿಂತಿರುಗಿ ನೋಡುವ ಹಕ್ಕಿ 'ಸಂಕೋಫಾ', ಮರೆತದ್ದನ್ನು ಹಿಂದಿರುಗಿ ತಂದರೆ ತಪ್ಪಿಲ್ಲ ಎಂಬ ಮಾತು. 1817ರಲ್ಲಿ ಸಂಗ್ರಹಿಸಿದ ಅದಿಂಕ್ರಾ ಬಟ್ಟೆಯೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ತರಗತಿಯಲ್ಲಿ ಅಚ್ಚಿಗೆ ಆಲೂಗಡ್ಡೆ ಸಾಕು. ಅಚ್ಚು ಕೊರೆಯುವಾಗ ಚಿತ್ರ ಎಡಬಲವಾಗುತ್ತದೆ ಎಂಬುದನ್ನು ಮೊದಲ ಬಾರಿ ಎಲ್ಲರೂ ಮರೆಯುತ್ತಾರೆ. ಹೈಸ್ಕೂಲಿನ ಮೇಲಿನ ತರಗತಿಗಳಿಗೆ ನೈಜೀರಿಯಾದ ಬೆನಿನ್ ನಗರದ ಲೋಹದ ಫಲಕಗಳು ಸರಿಹೋಗುತ್ತವೆ. 1897ರಲ್ಲಿ ಬ್ರಿಟಿಷ್ ಸೇನೆ ದೋಚಿದವು ಅವು. 2022ರಲ್ಲಿ ಜರ್ಮನಿ ಕೆಲವನ್ನು ಹಿಂದಿರುಗಿಸಿತು. ಅಲ್ಲಿ ಸಂಶೋಧನೆಯ ತೂಕ ಹೆಚ್ಚು, ಕೈಕೆಲಸ ಕಡಿಮೆ.

ಅಂಕ, ಚೀಟಿ, ಮಡಕೆ

20 ಅಂಕವಿದ್ದರೆ ಪ್ರಶ್ನೆಗೆ 4, ಆಧಾರಗಳಿಗೆ 6, ಮಾದರಿ ಮತ್ತು ದಾಖಲೆಗೆ 6, ಕೊನೆಯ ಚೀಟಿಗೆ 4. ಅಂದಕ್ಕೆ ಅಂಕವಿಲ್ಲ. ಅಂದಕ್ಕೆ ಕೊಟ್ಟರೆ ಅಪ್ಪ-ಅಮ್ಮನೇ ಬಳಿದ ಬಟ್ಟೆಗಳು ಬರುತ್ತವೆ. ಮಸುಕಾದ ಬಟ್ಟೆ ತಂದ ಗುಂಪು 'ನಮ್ಮ ಕೆಸರು ನೀರಾಗಿತ್ತು, ಹಾಗಾಗಿ ಅಂಚು ಹಬ್ಬಿತು' ಎಂದು ಬರೆದಿದ್ದರೆ ದಾಖಲೆಯ ಪೂರ್ತಿ ಅಂಕ ಅದಕ್ಕೇ.

ಚೀಟಿ ಎಂದರೆ ಪ್ರದರ್ಶನದಲ್ಲಿ ಬಟ್ಟೆಯ ಪಕ್ಕ ಇಡುವ ಬರಹ, 80 ಪದ ಮೀರದಂತೆ. ಮಾಡಿದವರ ಹೆಸರು, ಸಾಮಗ್ರಿ, ಅಳತೆ, ಗುಂಪಿನ ಪ್ರಶ್ನೆ, ಸಿಕ್ಕ ಉತ್ತರ, ಉತ್ತರ ಸಿಗದ ಒಂದು ಸಂಗತಿ. ಸಂಗ್ರಹಾಲಯದ ಪಟ್ಟಿಯಲ್ಲಿ ಹೆಸರಿನ ಜಾಗ ಖಾಲಿ ಇದ್ದುದನ್ನು ನೋಡಿದ ಮಕ್ಕಳು ತಮ್ಮ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯುತ್ತಾರೆ.

ಉಳಿದ ಗೋಡನ್ನು ಚೆಲ್ಲಬೇಡಿ. ಮಡಕೆಗೆ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಬಾಯಿಗೆ ಬಟ್ಟೆ ಕಟ್ಟಿ ನೆರಳಿನಲ್ಲಿಡಿ, ಹೊರಗೆ ದಿನಾಂಕ ಬರೆಯಿರಿ. ಮುಂದಿನ ವರ್ಷದ ತರಗತಿ ಅದೇ ನಾಲ್ಕು ಮಾದರಿ ಮಾಡಿ, ಮೂರನೆಯದನ್ನು ಈ ವರ್ಷದ ನೋಟ್‌ಬುಕ್ಕಿನ ತುಂಡಿನ ಪಕ್ಕ ಇಟ್ಟು ನೋಡಬಹುದು.